ಸಣ್ಣ ಹಡಗಿನವರು ಕಟ್ಟಿದ ವಿಮೆ

ಬ್ರಿಟನ್ನಿನ 1720ರ ಕಾನೂನು, ಕಂಪನಿಯಾಗಿ ಕಡಲ ವಿಮೆ ಮಾರುವ ಹಕ್ಕನ್ನು ಎರಡೇ ಸಂಸ್ಥೆಗಳಿಗೆ ಮೀಸಲಿಟ್ಟಿತು: ರಾಯಲ್ ಎಕ್ಸ್‌ಚೇಂಜ್ ಮತ್ತು ಲಂಡನ್ ಅಶ್ಯೂರೆನ್ಸ್. ಅವು ಬೇಡವೆಂದರೆ ಲಾಯ್ಡ್ಸ್ ಕಾಫಿ ಅಂಗಡಿಯಲ್ಲಿ ಸ್ವಂತ ಹೊಣೆಯ ಮೇಲೆ ಸಹಿ ಹಾಕುವ ವ್ಯಾಪಾರಿಗಳು. ಈಶಾನ್ಯ ಇಂಗ್ಲೆಂಡಿನಿಂದ ಕಲ್ಲಿದ್ದಲು ಸಾಗಿಸುತ್ತಿದ್ದ ಸಣ್ಣ ಹಾಯಿಹಡಗಿನ ಮಾಲೀಕರಿಗೆ ಎರಡೂ ಕಡೆ ಕಂತು ದುಬಾರಿ. ವಿಮೆಯಿಲ್ಲದೆ ಹಡಗು ಮುಳುಗಿದರೆ ಸಂಸಾರವೇ ಮುಳುಗಿದಂತೆ.

ಆಗ ಅವರು ಕ್ಲಬ್ಬು ಕಟ್ಟಿಕೊಂಡರು. ಒಬ್ಬರ ಹಡಗು ಹೋದರೆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವುದು. ಲಾಭದ ಮಾತೇ ಇಲ್ಲ. ಹೊರೆ ತಮ್ಮ ತಲೆಗೇ ಬರುವುದರಿಂದ ಪಕ್ಕದವನ ಹಡಗಿನ ಸ್ಥಿತಿಯೂ ಪ್ರತಿಯೊಬ್ಬನ ಚಿಂತೆಯಾಯಿತು.

1824ರಲ್ಲಿ ಆ ಏಕಸ್ವಾಮ್ಯ ರದ್ದಾಯಿತು, ಆದರೆ ಕ್ಲಬ್ಬಿನ ಕಲ್ಪನೆ ಅಳಿಯಲಿಲ್ಲ. 1855ರಿಂದ ಹೊಣೆಗಾರಿಕೆ ವಿಮೆಗೂ ಅಂಥವೇ ಸಂಘಗಳು ಹುಟ್ಟಿದವು. ಇಂದು ಜಗತ್ತಿನ ಸಾಗರಯಾನಿ ಹಡಗುಗಳ ಒಟ್ಟು ಗಾತ್ರದಲ್ಲಿ ಸುಮಾರು ಶೇ. 90ರಷ್ಟಕ್ಕೆ ಆಸರೆ ಅವೇ. ಬಡ ಹಡಗಿಗೆಂದು ಹೊಲಿದ ಕೊಡೆಯಡಿ ಈಗ ದೈತ್ಯ ಟ್ಯಾಂಕರುಗಳು ನಿಂತಿವೆ.