ಚುನಾವಣಾ ಪ್ರಚಾರ ಫಲಕಗಳ ನಿಯಂತ್ರಣ (ಅಮೆರಿಕದ ಸ್ಥಳೀಯ ಸಂಸ್ಥೆಗಳಲ್ಲಿ)

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಚುನಾವಣೆ ಸಮೀಪಿಸಿದೊಡನೆ ರಸ್ತೆಗಳ ಅಂಚಿನಲ್ಲಿಯೂ ಮನೆಗಳ ಮುಂದಣ ಹುಲ್ಲುಹಾಸಿನಲ್ಲಿಯೂ ನೆಡಲಾಗುವ ಪ್ರಚಾರ ಫಲಕಗಳು ಎಲ್ಲೆಲ್ಲಿ, ಎಷ್ಟು ಅಳತೆಯಲ್ಲಿ, ಎಷ್ಟು ದಿನ ನಿಲ್ಲಬಹುದೆಂಬುದನ್ನು ಕುರಿತು ಅಲ್ಲಿನ ನಗರಸಭೆ, ಪಟ್ಟಣಸಭೆ ಹಾಗೂ ಕೌಂಟಿ ಮಂಡಲಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾದವಿವಾದ. ವಿವಾದದ ವಸ್ತು ಮೇಲ್ನೋಟಕ್ಕೆ ಅತ್ಯಲ್ಪವಾದುದು: ಸಾಮಾನ್ಯವಾಗಿ 18 ಅಂಗುಲ ಎತ್ತರ, 24 ಅಂಗುಲ ಅಗಲದ ಒಂದು ಪ್ಲಾಸ್ಟಿಕ್ ಹಲಗೆ, ಅದನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಲು ತಂತಿಯ ಕಾಲು, ಮೇಲೆ ದೊಡ್ಡಕ್ಷರಗಳಲ್ಲಿ ಒಂದು ಹೆಸರು. ಆದರೂ ಈ ಹಲಗೆಯನ್ನೂ ಇದರ ಬಂಧುಗಳಾದ ಇತರ ಫಲಕಗಳನ್ನೂ ನಿಯಮಕ್ಕೊಳಪಡಿಸಹೊರಟ ಪುರಪಿತೃಗಳು ಪದೇ ಪದೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಗಿ ಬಂದಿತು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಗರಗಳ ಕೋಪವೆಲ್ಲ ದೊಡ್ಡ ದೊಡ್ಡ ಜಾಹೀರಾತು ಹಲಗೆಗಳ ಮೇಲಿದ್ದಿತು. ಅವುಗಳ ಮರೆಯಲ್ಲಿ ಕಸ ಸೇರುತ್ತದೆ, ಬೆಂಕಿ ಹುಟ್ಟುತ್ತದೆ, ದುರ್ಜನರು ಅಡಗುತ್ತಾರೆ ಎಂಬ ಶಿಕಾಗೋ ನಗರದ ವಾದವನ್ನು 1917ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪುರಸ್ಕರಿಸಿತು. ಊರಿನ ಅಂದವೇ ಶಾಸನಕ್ಕೆ ಸಾಕಾದ ಕಾರಣವಾಗಬಲ್ಲುದೆಂಬ ಭಾವನೆ ಬೇರೂರಿದುದು 1954ರ ತೀರ್ಪೊಂದರ ತರುವಾಯ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಅಂಕಿತ ಹಾಕಿದ ಹೆದ್ದಾರಿ ಸೌಂದರ್ಯ ಕಾಯಿದೆಯು ಅದೇ ಭಾವನೆಯ ಫಲ. ವ್ಯಾಪಾರಿ ಹಲಗೆಗಳ ಮಟ್ಟಿಗೆ ಈ ಹಾದಿ ಸುಗಮವಾಗಿತ್ತು. ಉಮೇದುವಾರನ ಹಲಗೆಯಾದರೋ ಸಂವಿಧಾನದ ಮೊದಲನೆಯ ತಿದ್ದುಪಡಿಯು ಎಲ್ಲಕ್ಕಿಂತ ಮಿಗಿಲಾಗಿ ಕಾಪಾಡುವ ರಾಜಕೀಯ ವಾಕ್ಕನ್ನೇ ಹೊತ್ತು ನಿಂತಿರುವುದರಿಂದ, ಅದನ್ನು ಸೋಪಿನ ಜಾಹೀರಾತಿನೊಡನೆ ಒಂದೇ ಕಟ್ಟಿನಲ್ಲಿ ಕಟ್ಟಿಹಾಕುವುದು ಸಾಧ್ಯವಾಗಲಿಲ್ಲ.

ಸಭೆಗಳಲ್ಲಿ ಈ ಚರ್ಚೆ ಜಟಿಲವಾಗುವುದಕ್ಕೆ ಎರಡು ಸ್ಥಳೀಯ ಕಾರಣಗಳುಂಟು. ಮೊದಲನೆಯದು ನೆಲದ ಒಡೆತನ. ಕಾಲುದಾರಿಗೂ ರಸ್ತೆಯಂಚಿನ ಕಲ್ಲಿಗೂ ನಡುವಣ ಪಟ್ಟಿಯಲ್ಲಿ ಹುಲ್ಲು ಕತ್ತರಿಸುವ ಹೊಣೆ ಸಾಮಾನ್ಯವಾಗಿ ಮನೆಯವನದು, ಹಕ್ಕು ಮಾತ್ರ ಸಾರ್ವಜನಿಕರದು. ತನ್ನ ಅಂಗಳವೆಂದೇ ಬಗೆದು ಅಲ್ಲಿ ಫಲಕ ನೆಟ್ಟವನು, ಮರುದಿನ ಅದು ನಗರಸಭೆಯ ಉಗ್ರಾಣದಲ್ಲಿರುವುದನ್ನು ಕೇಳಿ ಕೆರಳುತ್ತಾನೆ. ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ನಿಯಮವನ್ನು ರಚಿಸುವ ಸದಸ್ಯರು ಒಂದಲ್ಲ ಒಂದು ಚುನಾವಣೆಯಲ್ಲಿ ತಾವೇ ಉಮೇದುವಾರರು. ಅವರ ಹೆಸರು ಊರಿಗೆಲ್ಲ ಪರಿಚಿತ. ಹಣವೂ ಹೆಸರೂ ಇಲ್ಲದೆ ಹೊಸದಾಗಿ ನಿಂತವನಿಗೆ ಈ ಅಗ್ಗದ ಹಲಗೆಯೇ ದೊಡ್ಡ ಆಸರೆ. ಆದ್ದರಿಂದ ಫಲಕಗಳ ಸಂಖ್ಯೆಯನ್ನು ಕುಗ್ಗಿಸುವ ಪ್ರತಿಯೊಂದು ಠರಾವೂ, ಅದರ ಉದ್ದೇಶ ಎಷ್ಟೇ ನಿರ್ಮಲವಾಗಿರಲಿ, ಕುರ್ಚಿಯಲ್ಲಿ ಕುಳಿತವರಿಗೆ ಅನುಕೂಲವಾಗಿಯೇ ಪರಿಣಮಿಸುವುದು. ಸಂಚಾರದ ಸುರಕ್ಷಿತತೆಯ ವಾದಕ್ಕೆ ಮಾತ್ರ ಎದುರಾಡುವವರು ವಿರಳ: ಕೂಡುರಸ್ತೆಯ ಮೂಲೆಯಲ್ಲಿ ಬರುವ ವಾಹನ ಕಾಣಬೇಕಾದ ಕಡೆ ಹಲಗೆ ಅಡ್ಡ ನಿಲ್ಲಬಾರದೆಂಬುದನ್ನು ಎಲ್ಲ ಪಕ್ಷದವರೂ ಒಪ್ಪುತ್ತಾರೆ.

ಲಾಸ್ ಏಂಜಲಿಸ್ ನಗರದ ಪ್ರಕರಣ ಈ ಇತಿಹಾಸದ ಮೊದಲ ಮುಖ್ಯ ಘಟ್ಟ. 1979ರ ನಗರಸಭಾ ಚುನಾವಣೆಯಲ್ಲಿ ಒಬ್ಬ ಉಮೇದುವಾರನ ಬೆಂಬಲಿಗರು 15 ಅಂಗುಲಕ್ಕೆ 44 ಅಂಗುಲದ ರಟ್ಟಿನ ಫಲಕಗಳನ್ನು ವಿದ್ಯುತ್ ಕಂಬಗಳ ಅಡ್ಡತಂತಿಯ ಮೇಲಿಂದ ಇಳಿಬಿಟ್ಟು, ಕೆಳಗಡೆ ಪಿನ್ನು ಹೊಡೆದು ಕೂಡಿಸಿದ್ದರು. ಸಾರ್ವಜನಿಕ ಸ್ವತ್ತಿನ ಮೇಲೆ ಯಾವ ಫಲಕವನ್ನೂ ಹಚ್ಚಕೂಡದೆಂಬ ನಿಯಮಾನುಸಾರ ನಗರದ ನೌಕರರು ಒಂದು ವಾರದಲ್ಲಿ ಕಿತ್ತ 1,207 ಫಲಕಗಳಲ್ಲಿ ಆ ಉಮೇದುವಾರನವು 48. ಮಿಕ್ಕವುಗಳಲ್ಲಿ ಬಹುಪಾಲು ವ್ಯಾಪಾರದವಾಗಿದ್ದುದರಿಂದ, ನಗರವು ರಾಜಕೀಯವನ್ನು ಹುಡುಕಿಕೊಂಡು ಹೋಗಲಿಲ್ಲವೆಂಬುದು ತಾನಾಗಿಯೇ ತೋರಿಬಂದಿತು. 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ಮತಗಳಿಗೆ ಮೂರರಂತೆ ನಗರದ ಪಕ್ಷವನ್ನು ಎತ್ತಿಹಿಡಿಯಿತು: ಯಾರ ಮಾತೆಂದು ನೋಡದೆ ಎಲ್ಲವನ್ನೂ ಸಮನಾಗಿ ನಿಷೇಧಿಸುವ ನಿಯಮ ನಿರ್ದೋಷವಾದುದು.

ಸಾರ್ವಜನಿಕ ಕಂಬಕ್ಕೆ ಅನ್ವಯಿಸಿದ ಈ ನ್ಯಾಯ ಸ್ವಂತ ಮನೆಗೆ ಅನ್ವಯಿಸಲಿಲ್ಲ. ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ಬಳಿಯ ಲಡೂ ಎಂಬ ಉಪನಗರದಲ್ಲಿ 1990ರ ಡಿಸೆಂಬರಿನಲ್ಲಿ ನಿವಾಸಿನಿಯೊಬ್ಬರು ಪರ್ಷಿಯನ್ ಕೊಲ್ಲಿಯ ಯುದ್ಧವನ್ನು ವಿರೋಧಿಸುವ ಫಲಕವನ್ನು ತಮ್ಮ ಅಂಗಳದಲ್ಲಿ ನೆಟ್ಟರು. ಅದು ಮಾಯವಾಯಿತು, ಇನ್ನೊಂದನ್ನು ನೆಟ್ಟರು, ಅದನ್ನು ಯಾರೋ ಕೆಡವಿದರು. ದೂರು ಕೊಟ್ಟಾಗ ಪೊಲೀಸರಿಂದ ದೊರೆತ ಉತ್ತರವೆಂದರೆ, ಲಡೂವಿನಲ್ಲಿ ಅಂಥ ಫಲಕಗಳೇ ನಿಷಿದ್ಧ ಎಂಬುದು. ನಗರಸಭೆ ವಿನಾಯಿತಿಯನ್ನು ನಿರಾಕರಿಸಿತು. ವ್ಯಾಜ್ಯ ನಡೆಯುತ್ತಿರುವಾಗಲೇ ಹಳೆಯ ನಿಯಮವನ್ನು ರದ್ದುಗೊಳಿಸಿ ಹೊಸದೊಂದನ್ನು ತಂದಿತು. ಆಕೆ ಅಷ್ಟರಲ್ಲಿ ಕಾಗದದ ಹಾಳೆಯಷ್ಟೇ ಅಗಲದ ಶಾಂತಿಯ ಬರಹವೊಂದನ್ನು ಮಹಡಿಯ ಕಿಟಕಿಗೆ ಅಂಟಿಸಿದ್ದರು. ಹೊಸ ನಿಯಮದ ದೃಷ್ಟಿಯಲ್ಲಿ ಅದೂ ಅಪರಾಧವೇ! 1994ರಲ್ಲಿ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರು ಬರೆದ ಸರ್ವಾನುಮತದ ತೀರ್ಪು, ಮನೆಯ ಮುಂದಣ ಫಲಕವು ಇಂಥವರ ಮಾತೆಂದು ತಾನೇ ಸಾರುವುದೆಂದೂ, ಅಲ್ಪವ್ಯಯದ ಆ ಸಾಧನಕ್ಕೆ ಸಮನಾದ ಬದಲಿ ಮತ್ತೊಂದಿಲ್ಲವೆಂದೂ ನಿರ್ಣಯಿಸಿತು. ಮತದಾನಕ್ಕೆ 60 ದಿನಗಳಿಗಿಂತ ಮುಂಚೆ ಫಲಕ ನೆಡಕೂಡದೆಂದಿದ್ದ ಟಕೋಮಾ ನಗರದ ಗಡುವನ್ನು ವಾಷಿಂಗ್ಟನ್ ಸಂಸ್ಥಾನದ ಉಚ್ಚ ನ್ಯಾಯಪೀಠವು ಅದರ ಹಿಂದಿನ ವರ್ಷವೇ ತಳ್ಳಿಹಾಕಿದ್ದಿತು.

ಆದರೂ ಅನೇಕ ಊರುಗಳು ತರತಮಭೇದದ ಪಟ್ಟಿಗಳನ್ನು ಕೈಬಿಡಲಿಲ್ಲ. ಅರಿಜೋನಾದ ಗಿಲ್ಬರ್ಟ್ ಪಟ್ಟಣದ ನಿಯಮಾವಳಿ ಇದಕ್ಕೆ ಮಾದರಿ. ತತ್ತ್ವವಿಚಾರವನ್ನು ಸಾರುವ ಫಲಕಕ್ಕೆ 20 ಚದರಡಿ, ಕಾಲದ ಮಿತಿಯಿಲ್ಲ. ಚುನಾವಣೆಯದಕ್ಕೆ ವಸತಿ ಪ್ರದೇಶದಲ್ಲಿ 16, ಇತರತ್ರ 32 ಚದರಡಿಯವರೆಗೆ, ಪ್ರಾಥಮಿಕ ಚುನಾವಣೆಗೆ 60 ದಿನ ಮುಂಚಿನಿಂದ ಸಾರ್ವತ್ರಿಕ ಚುನಾವಣೆಯಾಗಿ 15 ದಿನಗಳವರೆಗೆ. ಸಭೆ ಸಮಾರಂಭಗಳಿಗೆ ದಾರಿ ತೋರುವುದಕ್ಕೆ ಬರಿಯ 6 ಚದರಡಿ, ಸಮಾರಂಭಕ್ಕೆ 12 ಗಂಟೆ ಮುಂಚಿನಿಂದ ಮುಗಿದ ಒಂದು ಗಂಟೆಯವರೆಗೆ ಮಾತ್ರ. ಸ್ವಂತ ಕಟ್ಟಡವಿಲ್ಲದೆ ಶಾಲೆ ಮುಂತಾದೆಡೆ ಭಾನುವಾರದ ಪ್ರಾರ್ಥನೆ ನಡೆಸುತ್ತಿದ್ದ ಸಣ್ಣ ಚರ್ಚೊಂದು ಈ ಕೊನೆಯ ವರ್ಗಕ್ಕೆ ಸೇರಿ, ಗಂಟೆ ಮೀರಿದ ತಪ್ಪಿಗೆ ಎರಡು ಸಲ ನೋಟೀಸು ಪಡೆದು, ನ್ಯಾಯಾಲಯಕ್ಕೆ ಹೋಯಿತು. 2015ರ ಜೂನ್ 18ರಂದು ಒಂಬತ್ತು ನ್ಯಾಯಮೂರ್ತಿಗಳೂ ಪಟ್ಟಣದ ವಿರುದ್ಧ ನಿಂತರು. ಆರು ಮಂದಿಯ ಪರವಾಗಿ ಬರೆದ ಕ್ಲಾರೆನ್ಸ್ ಥಾಮಸ್ ಅವರ ಸೂತ್ರವು ಸರಳವಾಗಿದ್ದಿತು: ಯಾವ ನಿಯಮ ಅನ್ವಯಿಸುವುದೆಂದು ತಿಳಿಯಲು ಫಲಕದ ಮೇಲಿನ ಬರಹವನ್ನು ಓದಬೇಕಾದಲ್ಲಿ, ಆ ನಿಯಮವು ಅತ್ಯಂತ ಕಠಿನವಾದ ಪರೀಕ್ಷೆಗೆ ಗುರಿಯಾಗತಕ್ಕದ್ದು. ಗಿಲ್ಬರ್ಟ್ ಸೋಲಬೇಕೆಂದು ಒಪ್ಪಿಯೂ ಈ ಸೂತ್ರವನ್ನು ಒಪ್ಪದ ಎಲೀನಾ ಕೇಗನ್ ಅವರು, ಇದರಿಂದ ಊರುಗಳು ವಿವೇಕದಿಂದ ಕೊಟ್ಟ ಸಣ್ಣಪುಟ್ಟ ರಿಯಾಯಿತಿಗಳನ್ನು ಹಿಂದೆಗೆದುಕೊಳ್ಳಬೇಕು, ಇಲ್ಲವೆ ಎಲ್ಲ ಕಟ್ಟುಗಳನ್ನೂ ಸಡಿಲಿಸಬೇಕು ಎಂದು ಎಚ್ಚರಿಸಿದರು. ಈ ಲೇಖಕನಿಗೆ ಆ ಎಚ್ಚರಿಕೆಯೇ ವಿವಾದದ ಮರ್ಮವನ್ನು ಮುಟ್ಟಿದಂತೆ ಕಾಣುತ್ತದೆ. ಮನೆಯ ಸಂಖ್ಯೆಯ ಫಲಕಕ್ಕೊಂದು, ಉಮೇದುವಾರನಿಗೊಂದು, ಚರ್ಚಿಗೊಂದು ಎಂದು ಅವರವರ ಅಗತ್ಯವನ್ನು ನೋಡಿ ಅಳತೆ ಗೊತ್ತುಮಾಡಿದ ಸಭೆಯು ದೋಷಿಯಾಯಿತು. ಏನನ್ನೂ ನೋಡದೆ ಎಲ್ಲವನ್ನೂ ಕಿತ್ತೆಸೆದ ನಗರವು ಗೆದ್ದಿತು.

ಈ ತೀರ್ಪಿನ ಬಳಿಕ ದೇಶದುದ್ದಕ್ಕೂ ಫಲಕ ನಿಯಮಗಳ ಪುನಾರಚನೆ ನಡೆಯಿತು. ಅನೇಕ ಕಡೆ ‘ರಾಜಕೀಯ ಫಲಕ’ವೆಂಬ ವರ್ಗವನ್ನೇ ಅಳಿಸಿ, ‘ತಾತ್ಕಾಲಿಕ ಫಲಕ’ವೆಂಬ ಒಂದೇ ವರ್ಗವನ್ನಿರಿಸಿ, ಚುನಾವಣೆಯ ಕಾಲದಲ್ಲಿ ಪ್ರತಿ ನಿವೇಶನಕ್ಕೂ, ಬರಹ ಯಾವುದೇ ಆಗಿರಲಿ, ಹೆಚ್ಚಿನ ಕೆಲವು ಫಲಕಗಳಿಗೆ ಅವಕಾಶ ಕೊಡಲಾಯಿತು. 2022ರಲ್ಲಿ ಟೆಕ್ಸಸಿನ ಆಸ್ಟಿನ್ ನಗರದ ಮೊಕದ್ದಮೆಯಲ್ಲಿ ನ್ಯಾಯಾಲಯವು ಸೂತ್ರವನ್ನು ಸ್ವಲ್ಪ ಸಡಿಲಿಸಿ, ಫಲಕವು ತಾನು ನಿಂತ ಸ್ಥಳದ ವ್ಯವಹಾರಕ್ಕೆ ಸಂಬಂಧಿಸಿದೆಯೆ ಎಂದು ತಿಳಿಯುವಷ್ಟಕ್ಕೆ ಬರಹವನ್ನು ಓದಿದರೆ ದೋಷವಿಲ್ಲವೆಂದಿತು. ಇಷ್ಟೆಲ್ಲ ಜಗಳಕ್ಕೆ ಮೂಲವಾದ ಹಲಗೆಯ ಬಲವನ್ನು ನಾಲ್ಕು ಚುನಾವಣೆಗಳಲ್ಲಿ ಪ್ರಯೋಗರೂಪವಾಗಿ ಅಳೆದು 2016ರಲ್ಲಿ ಪ್ರಕಟವಾದ ಸಂಶೋಧನೆಯ ಅಂದಾಜಿನಂತೆ, ಅದು ಮತಗಳ ಪಾಲನ್ನು ಸರಾಸರಿ ಶೇಕಡ 1.7 ಅಂಶದಷ್ಟು ಹೆಚ್ಚಿಸುವುದು.

ಅರಿಜೋನಾದ ಪಟ್ಟಣಗಳ ಕೈಯನ್ನಂತೂ ಸಂಸ್ಥಾನದ ಶಾಸನಸಭೆಯೇ 2011ರಲ್ಲಿ ಕಟ್ಟಿಹಾಕಿದ್ದಿತು. ಚುನಾವಣೆಯ ಅವಧಿಯಲ್ಲಿ, ಅಪಾಯಕರವಲ್ಲದ ಜಾಗದಲ್ಲಿ, ಮಿತವಾದ ಅಳತೆಯಲ್ಲಿ ನಿಂತ ಪ್ರಚಾರ ಫಲಕವನ್ನು ಸಾರ್ವಜನಿಕ ರಸ್ತೆಯ ಅಂಚಿನಿಂದಲೂ ಸ್ಥಳೀಯ ಸಂಸ್ಥೆಯು ಕೀಳಕೂಡದು; ಫಲಕದ ಮೇಲೆ ಉಮೇದುವಾರನ ಇಲ್ಲವೆ ಪ್ರಚಾರ ಸಮಿತಿಯ ಹೆಸರೂ ಸಂಪರ್ಕದ ವಿವರವೂ ಇರಬೇಕು. ಪ್ರವಾಸಿಗರು ಬಂದು ಹೋಗುವ ವ್ಯಾಪಾರ ಪ್ರದೇಶಗಳನ್ನು ಮಾತ್ರ ಫಲಕರಹಿತ ವಲಯಗಳೆಂದು ಗುರುತಿಸಿಕೊಳ್ಳಲು ಪಟ್ಟಣಗಳಿಗೆ ಅವಕಾಶವನ್ನು ಉಳಿಸಲಾಗಿದೆ.