ಗಾಳಿ ಊದಿದ ಚುಕ್ಕಿ ಯಾವುದು? (ಆಕಾಶದ ಇತಿಹಾಸ, ಕಂತು 7)

ನಮ್ಮ ಹತ್ತರಗಿ ಟೋಲ್ ನಾಕಾ ಇರೋ ಹೈವೇಗೆ ಈಗ 48 ಅಂತ ನಂಬರ್. ಮೊದಲು ಅದು ಎನ್‌ಎಚ್ 4. ಅದೇ ನಾಲ್ಕನೇ ನಂಬರಿನ ರಸ್ತೆ ಬೆಂಗಳೂರು ದಾಟಿ ಹೊಸಕೋಟೆಗೆ ಹೋಗತಿತ್ತು. ಈ ಕಂತು ಕೊನಿಗೆ ಮುಟ್ಟೋದು ಆ ಹೊಸಕೋಟೆಗೇ.

ಚಳಿಗಾಲದ ರಾತ್ರಿ ಸಾಲಾಗಿ ಕಾಣೋ ಮೂರು ಚುಕ್ಕಿ ಗೊತ್ತಲ್ಲ? ಅದು ಓರಿಯನ್. 1950ರ ಸುಮಾರಿಗೆ ಅಮೆರಿಕದ ಜಾರ್ಜ್ ಹರ್ಬಿಗ್, ಮೆಕ್ಸಿಕೋದ ಗಿಯೆರ್ಮೊ ಹಾರೊ ಇಬ್ಬರೂ ಅಲ್ಲಿ ಬೇರೆ ಬೇರೆಯಾಗಿ ಸಣ್ಣ ಬೆಳಕಿನ ಗಂಟುಗಳನ್ನು ಕಂಡರು. ಚುಕ್ಕಿ ಹುಟ್ಟೋ ಜಾಗ ಇದೇ ಗಂಟು ಇರಬೇಕು ಅನ್ನೋ ಊಹೆ ಎದ್ದಿತು. ಊಹೆ ತಪ್ಪಿತ್ತು. ಎಳೇ ನಕ್ಷತ್ರ ಸುತ್ತಲಿನ ಅನಿಲವನ್ನು ಒಳಗೆ ಎಳಕೊಳ್ಳುವಾಗ ಒಂದಿಷ್ಟನ್ನು ಎರಡೂ ಧ್ರುವಗಳಿಂದ ಹೊರಗೆ ಉಗುಳತೈತಿ. ಆ ಧಾರೆ ಮೋಡಕ್ಕೆ ಬಡಿದಲ್ಲಿ ಹೊಳೆಯೋದೇ ಈ ಗಂಟು.

ಹಂಗಾದ್ರ ಊದಿದ ಚುಕ್ಕಿ ಎಲ್ಲಿ? ಸಂಕೇಶ್ವರದ ಸಕ್ಕರೆ ಕಾರ್ಖಾನೆ ನೆನಪು ಮಾಡಿಕೊಳ್ರಿ: ಚಿಮಣಿ ಹೊಗಿ ಊರಿಗೆಲ್ಲ ಕಾಣತೈತಿ, ಬಾಯ್ಲರ್ ಕಾಣಂಗಿಲ್ಲ. ಆದ್ರ ಬಾಯ್ಲರಿಗೆ ಕಾವು ಐತಿ. ಚುಕ್ಕಿಯನ್ನು ಮುಚ್ಚಿದ ಧೂಳೂ ಹಂಗೇ. ಕಣ್ಣಿನ ಬೆಳಕನ್ನು ತಡೀತೈತಿ, ತಾನು ಕಾದು ಅವಗೆಂಪು ಕಿರಣ ಬಿಡತೈತಿ. 1970ರ ದಶಕದಲ್ಲಿ ಸ್ಟ್ರಾಮ್ ದಂಪತಿ ಮತ್ತು ಜೊತೆಗಾರರು ಅವಗೆಂಪಿನಲ್ಲಿ ಹುಡುಕಿದಾಗ ಕತ್ತಲ ಮೋಡದೊಳಗೆ ಅಡಗಿದ್ದ ಚುಕ್ಕಿಗಳು ಸಿಕ್ಕವು. 1976ರಲ್ಲಿ ವೃಷಭದ ಎಲ್1551 ಮೋಡದಲ್ಲಿ ಐಆರ್‌ಎಸ್ 5 ಸಿಕ್ಕಿತು. 1980ರಲ್ಲಿ ರೇಡಿಯೋ ದೂರದರ್ಶಕ ಅದೇ ಮೋಡ ನೋಡಿದ್ರ, ಅನಿಲದ ಒಂದು ಹೋಳು ನಮ್ಮ ಕಡೆ, ಇನ್ನೊಂದು ಆ ಕಡೆ ಓಡತಿತ್ತು. ನಟ್ಟನಡುವೆ ಐಆರ್‌ಎಸ್ 5. ನನಗಂತೂ ಇಡೀ ಕಥೆಯಲ್ಲಿ ಇದೇ ಚಂದದ ಭಾಗ.

ಹತ್ತಿರ ಇದ್ದದ್ದನ್ನೆಲ್ಲ ನಂಬೋ ಹಂಗೂ ಇಲ್ಲ. ಹರ್ಬಿಗ್-ಹಾರೊ 1 ಮತ್ತು 2ನೇ ಗಂಟುಗಳಿಗೆ ಪಕ್ಕದ ಒಂದು ಚುಕ್ಕಿಯೇ ಕಾರಣ ಅಂದಿದ್ರು. 1985ರಲ್ಲಿ ರೇಡಿಯೋದಿಂದ ಎರಡರ ನಡುವೆ ಅಡಗಿದ್ದ ಬೇರೆಯದೇ ಸಿಕ್ಕಿತು.

ಈಗ ಹೊಸಕೋಟೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇಟ್ಟಿದ್ದಾರೆ. ಅಷ್ಟು ದೂರ ಯಾಕ? ಗಾಳಿಯ ನೀರಾವಿ ಅವಗೆಂಪನ್ನು ನುಂಗತೈತಿ, ಹಾನ್ಲೆ ಒಣಭೂಮಿ. ಅದನ್ನು ಉಪಗ್ರಹದ ಮೂಲಕ ನಡೆಸೋದು ಮಾತ್ರ ಹೊಸಕೋಟೆಯಿಂದ!

2004ರ ಜನವರಿಯಲ್ಲಿ ಅಮೆರಿಕದ ಹವ್ಯಾಸಿ ಜೇ ಮೆಕ್‌ನೀಲ್, ಪುಟ್ಟ ದೂರದರ್ಶಕದಲ್ಲಿ ಓರಿಯನ್‌ನಾಗ ಹೊಸ ಮೋಡ ಒಂದನ್ನು ಹಿಡಿದರು. ಅದರ ತುದಿಯ ಚುಕ್ಕಿ ಅವಗೆಂಪಿನವರಿಗೆ ಹಳೇ ಪರಿಚಯ: ಎಚ್‌ಎಚ್ 23 ಗಂಟಿನ ಧಾರೆಗೆ ಇದೇ ಮೂಲ ಅಂತ 1997ರಲ್ಲೇ ಸೂಚಿಸಿದ್ದರು. ಮುಂದಿನ ಎರಡು ವರ್ಷ ಅದನ್ನು ಅಳೆದವುಗಳಲ್ಲಿ ಹಾನ್ಲೆಯದೂ ಒಂದು. ಸೆಕೆಂಡಿಗೆ ನೂರಾರು ಕಿ.ಮೀ. ವೇಗದ ಗಾಳಿ ಬೀಸತಿತ್ತು. ಚುಕ್ಕಿ ಮಂಕಾದಂಗ ಗಾಳಿಯೂ ಸೋತಿತು. 2008ರಲ್ಲಿ ಮತ್ತೆ ಹೊತ್ತಿಕೊಂಡಿತು. 1966ರ ಹಳೇ ಫೋಟೋ ತೆಗೆದು ನೋಡಿದ್ರ, ಆ ಮೋಡ ಅಲ್ಲೂ ಇತ್ತು.

#ಹತ್ತರಗಿ #ಆಕಾಶದ_ಇತಿಹಾಸ #ಹುಕ್ಕೇರಿ