ಬೆಂಕಿಗೆ ಮೊದಲೇ ಬಾವಿ ತೋಡುವ ವಿದ್ಯೆ

ನರ್ಸಿಂಗ್ ವಿದ್ಯಾರ್ಥಿನಿಯರು ಹಳ್ಳಿಗೆ ಬಂದರೆ ಜನ ನಿರೀಕ್ಷಿಸುವುದು ಮಾತ್ರೆ, ಇಂಜೆಕ್ಷನ್ನುಗಳನ್ನು. ಅವರ ಕೈಯಲ್ಲಿರುವುದು ಮಾತ್ರ ಒಂದು ಪುಸ್ತಕ. ಮನೆಯಲ್ಲಿ ಎಷ್ಟು ಮಂದಿ? ಕುಡಿಯುವ ನೀರು ಎಲ್ಲಿಂದ? ಬಸುರಿ, ಬಾಣಂತಿಯರು ಇದ್ದಾರೆಯೇ? ಹಾಸಿಗೆ ಹಿಡಿದ ವೃದ್ಧರು? ರೋಗಿಯನ್ನು ನೋಡಿಕೊಳ್ಳಬೇಕಾದವರಿಗೆ ಬಚ್ಚಲು ನೀರು ಎಲ್ಲಿಗೆ ಹರಿಯುತ್ತದೆಂಬ ಉಸಾಬರಿ ಏಕೆ ಎಂದು ಕೇಳುವವರೂ ಉಂಟು. ಈ ಉಸಾಬರಿಗೆ ಒಂದೂವರೆ ಶತಮಾನ ಮೀರಿದ ಇತಿಹಾಸವಿದೆ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಕ್ರೈಮಿಯಾ ಯುದ್ಧದ ಕಾಲ. 1854ರ ನವೆಂಬರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಗೆ ಬಂದರು. ಹಗಲಿರುಳು ದುಡಿದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರುವರಿಯಲ್ಲಿ ಅಲ್ಲಿನ ರೋಗಿಗಳಲ್ಲಿ ಶೇ 42ರಷ್ಟು ಮಂದಿ ಸತ್ತರು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗ ಕಟ್ಟಡದ ಅಡಿಯ ಚರಂಡಿಗಳನ್ನು ಶುಚಿ ಮಾಡಿಸಿತು, ಗಾಳಿಯಾಡುವಂತೆ ಮಾಡಿತು. ಜೂನ್ ವೇಳೆಗೆ ಸಾವಿನ ಪ್ರಮಾಣ ಶೇ 2ರ ಆಸುಪಾಸಿಗೆ ಇಳಿಯಿತು.

ಊರಿಗೆ ಮರಳಿದ ನೈಟಿಂಗೇಲ್ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ನೆರವಿನಿಂದ ಈ ಲೆಕ್ಕವನ್ನೆಲ್ಲ ಬಿಡಿಸಿದರು. ಗುಂಡೇಟಿಗಿಂತ ಹೆಚ್ಚು ಸೈನಿಕರನ್ನು ಕೊಂದದ್ದು ತಡೆಯಬಹುದಾಗಿದ್ದ ರೋಗಗಳು ಎಂಬುದು ಅದರಿಂದ ನಿಚ್ಚಳವಾಯಿತು. ಹಾಸಿಗೆಯ ಪಕ್ಕದ ಸೇವೆಯೊಂದೇ ಸಾಲದು, ಆ ಹಾಸಿಗೆಗೆ ರೋಗಿಯನ್ನು ತಂದ ಪರಿಸರವನ್ನೂ ಅಳೆಯಬೇಕು ಎಂಬ ಅರಿವು ಬೆಳೆದದ್ದು ಹೀಗೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ಭಾರತಕ್ಕೆ ಒಮ್ಮೆಯೂ ಕಾಲಿಡದ ಆಕೆ ಇಲ್ಲಿನ ಸೇನಾ ಠಾಣೆಗಳಿಗೆ ಪ್ರಶ್ನಾವಳಿ ಕಳಿಸಿ ನೀರು, ಚರಂಡಿ, ವಸತಿಯ ವಿವರ ತರಿಸಿಕೊಂಡರು. ಬ್ರಿಟಿಷ್ ಸೈನಿಕರಲ್ಲಿ ಸಾವಿರಕ್ಕೆ 69 ಮಂದಿ ಪ್ರತಿ ವರ್ಷ ಸಾಯುತ್ತಿದ್ದಾರೆಂದು 1863ರ ಆಯೋಗದ ವರದಿ ತೋರಿಸಿತು.

ಆದರೆ ಎಣಿಸಲು ಹೋದವರನ್ನು ಜನ ನಂಬದಿದ್ದರೆ? ಅದಕ್ಕೆ ಉತ್ತರ 1897ರ ಪುಣೆಯಲ್ಲಿ ಸಿಕ್ಕಿತು. ಪ್ಲೇಗ್ ತಡೆಗೆಂದು ಸೈನಿಕರು ಮನೆಗಳಿಗೆ ನುಗ್ಗಿ ಶೋಧಿಸಿದರು, ಜನರನ್ನು ಬೇರ್ಪಡಿಸಿ ಶಿಬಿರಗಳಿಗೆ ಸಾಗಿಸಿದರು. ಹೆದರಿದ ಜನ ರೋಗಿಗಳನ್ನು ಬಚ್ಚಿಡತೊಡಗಿದರು. ಆಕ್ರೋಶ ಮಡುಗಟ್ಟಿ ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗ್ ಸಮಿತಿಯ ಅಧ್ಯಕ್ಷ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ಅದೇ ವರ್ಷ ಅದೇ ಊರಿನಲ್ಲಿ ಇನ್ನೊಂದು ಬಗೆಯ ಸೇವೆಯೂ ನಡೆದಿತ್ತು. ಕನ್ನಡಿಗರೂ ‘ಅಕ್ಷರದವ್ವ’ ಎಂದು ಗೌರವಿಸುವ ಸಾವಿತ್ರಿಬಾಯಿ ಫುಲೆ, ವೈದ್ಯನಾಗಿದ್ದ ಮಗ ಯಶವಂತನ ಜತೆ ಪ್ಲೇಗ್ ರೋಗಿಗಳ ಆರೈಕೆಗೆ ನಿಂತರು. ಅದೇ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಒಂದೇ ಊರು, ಒಂದೇ ಪಿಡುಗು. ಬಾಗಿಲು ದಾಟಿದ ರೀತಿ ಮಾತ್ರ ಬೇರೆ.

ಮರುವರ್ಷ ಪ್ಲೇಗ್ ಬೆಂಗಳೂರಿಗೂ ಬಂತು. ಗಾಳಿ ಬೆಳಕಿಲ್ಲದ ಪೇಟೆಯ ಓಣಿಗಳ ಅಪಾಯ ಎಲ್ಲರಿಗೂ ಅರ್ಥವಾದದ್ದು ಹೆಣಗಳು ಬಿದ್ದ ಮೇಲೆಯೇ. ಅಗಲ ಬೀದಿಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದುದರ ಹಿಂದೆ ಆ ಪಾಠವಿದೆ.

ಮೊದಲೇ ಪರಿಚಯವಿದ್ದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ನ್ಯೂಯಾರ್ಕಿನ ಬಡ ಕೇರಿಗಳಲ್ಲಿ ಲಿಲಿಯನ್ ವಾಲ್ಡ್ 1893ರಲ್ಲೇ ಮನೆಮನೆಗೆ ಹೋಗುವ ಶುಶ್ರೂಷೆ ಆರಂಭಿಸಿದ್ದರು. 1918ರಲ್ಲಿ ಇನ್‌ಫ್ಲುಯೆಂಜಾ ಎರಗಿದಾಗ ನಗರದ ದಾದಿಯರ ತುರ್ತು ಮಂಡಳಿಯ ನೇತೃತ್ವ ಅವರಿಗೇ ಬಂತು. ಹೊಸದಾಗಿ ದಾರಿ ಹುಡುಕುವ ಅಗತ್ಯ ಅವರ ದಾದಿಯರಿಗೆ ಇರಲಿಲ್ಲ. ಕಾಲು ಶತಮಾನದಿಂದ ಹತ್ತಿಳಿದ ಮೆಟ್ಟಿಲುಗಳವು.

ಭಾರತದಲ್ಲಿ 1946ರ ಭೋರ್ ಸಮಿತಿ ರೋಗ ತಡೆ ಹಾಗೂ ಗ್ರಾಮೀಣ ಆರೋಗ್ಯಕ್ಕೆ ಒತ್ತು ಕೊಟ್ಟಿತು. ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಶುರುವಾಯಿತು. 1947ರ ಕಾಯ್ದೆಯಿಂದ ಭಾರತೀಯ ನರ್ಸಿಂಗ್ ಪರಿಷತ್ತು ಬಂತು. ಸಮುದಾಯ ಆರೋಗ್ಯ ಶುಶ್ರೂಷೆ ಪಠ್ಯದ ಭಾಗವಾಯಿತು. 2004ರ ಸುನಾಮಿಯ ನಂತರ ದೇಶಕ್ಕೆ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಯೂ ದೊರೆಯಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದಾದಿಯರ ಮಂಡಳಿ ಸೇರಿ ವಿಪತ್ತಿನ ಕಾಲದ ಶುಶ್ರೂಷೆಗೆ ಬೇಕಾದ ಅರ್ಹತೆಗಳನ್ನು ಪಟ್ಟಿ ಮಾಡಿದವು. ಅದರಲ್ಲಿ ನಾಲ್ಕು ಹಂತಗಳಿವೆ: ತಡೆ, ಸಿದ್ಧತೆ, ಸ್ಪಂದನ, ಚೇತರಿಕೆ. ಮೊದಲಿನ ಎರಡೂ ವಿಪತ್ತು ಬರುವುದಕ್ಕೆ ಮುಂಚಿನವು ಎಂಬುದು ಗಮನಾರ್ಹ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಂಥ ರಾತ್ರಿಗಳಲ್ಲಿ ಮೊದಲು ಏಳುವ ಪ್ರಶ್ನೆ ಔಷಧಿಯದಲ್ಲ. ಯಾವ ಮನೆಯಲ್ಲಿ ನಡೆಯಲಾಗದ ಅಜ್ಜಿ ಇದ್ದಾರೆ, ಯಾರಿಗೆ ದಿನ ತುಂಬಿದೆ, ದಿನವೂ ಇನ್ಸುಲಿನ್ ಬೇಕಾದವರು ಯಾರು ಎಂಬುದು ಗೊತ್ತಿರಬೇಕು. ನೀರು ನುಗ್ಗಿದ ಮೇಲೆ ಅದನ್ನು ಕೇಳುತ್ತ ತಿರುಗಲು ಬಿಡುವಿರುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಹೇಳುವುದೂ ಇದನ್ನೇ.

ಜಗಲಿಯ ಮೇಲೆ ಕುಳಿತು ಪ್ರಶ್ನೆ ಕೇಳುವ ಆ ಹುಡುಗಿ ತೋಡುತ್ತಿರುವುದು ಅಂಥದೊಂದು ಬಾವಿಯನ್ನು. ಪರೀಕ್ಷೆಯ ಅಂಕಕ್ಕಾಗಿ ಅವಳು ಪುಸ್ತಕ ತುಂಬಿಸಿ ಕಪಾಟಿಗೆ ಸೇರಿಸಿದರೆ ಅದು ಬರಿಯ ಕಾಗದ. ಆ ಲೆಕ್ಕ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಪಂಚಾಯಿತಿಗೆ ತಲುಪಿ, ವರ್ಷವರ್ಷವೂ ಹೊಸದಾಗುತ್ತಿದ್ದರೆ ಅದೇ ಜೀವ ಉಳಿಸುವ ನಕ್ಷೆ.